ಕಾರಿನ ಸೌಂಡ್ ಸುಧಾರಿಸಬೇಕಾ? ಮೊದಲು ಮುಂದಿನ ಬಾಗಿಲು ಬಿಚ್ಚಿ

ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯುತ್ತಾ ಯಕ್ಷಗಾನದ ಪದ ಹಾಕಿದ್ದೆ. ಭಾಗವತರ ಸ್ವರ ಕೇಳುತ್ತಿತ್ತು, ಚಂಡೆ ಕಿವಿಗೆ ಚುಚ್ಚುತ್ತಿತ್ತು, ಮದ್ದಳೆ ಮಾತ್ರ ಎಲ್ಲೂ ಇಲ್ಲ. ವಾಲ್ಯೂಮ್ ಏರಿಸಿದ್ರೆ ಬಾಗಿಲೇ ಗರ್ರ್ ಅಂತ ನಡುಗುತ್ತಿತ್ತು. ಎಂಟು ವರ್ಷ ಹಳೆಯ ಸಣ್ಣ ಕಾರು, ಕಾರಿನ ಜೊತೆ ಬಂದ ಸ್ಪೀಕರ್. ಕೇಳಿದವರೆಲ್ಲ ಆಂಪ್ಲಿಫೈಯರ್ ಹಾಕ್ಸು, ಡಿಕ್ಕಿಯಲ್ಲಿ ಊಫರ್ ಇಡು ಅಂದರು. ನಾನು ಎರಡೂ ಮಾಡಲಿಲ್ಲ. ಮುಂದಿನ ಎರಡು ಬಾಗಿಲಿಗೆ ಸುಮಾರು ಏಳು ಸಾವಿರ ಖರ್ಚು ಮಾಡಿದೆ. ಈಗ ಮದ್ದಳೆಯ ಎಡ-ಬಲದ ಪೆಟ್ಟು ಬೇರೆಬೇರೆಯಾಗಿ ಕೇಳುತ್ತದೆ.

ಬಾಗಿಲೇ ಯಾಕೆ ಅಂದ್ರೆ, ಸ್ಪೀಕರಿನ ಕೋನ್, ಅಂದರೆ ಸದ್ದು ಹೊರಡಿಸಲು ನಡುಗುವ ಭಾಗ, ಮುಂದಕ್ಕೆ ಎಷ್ಟು ಗಾಳಿ ತಳ್ಳುತ್ತದೋ ಹಿಂದಕ್ಕೂ ಅಷ್ಟೇ ತಳ್ಳುತ್ತದೆ, ಹಿಂದಿನ ಸದ್ದು ಮುಂದೆ ಬಂದು ಸೇರಿದರೆ ಒಂದನ್ನೊಂದು ಕೊಂದುಹಾಕುತ್ತವೆ, ಅದರಲ್ಲಿ ಮೊದಲು ಸಾಯುವುದು ಬಾಸ್. ಮನೆಯ ಸ್ಪೀಕರಿಗೆ ಮರದ ಪೆಟ್ಟಿಗೆ ಇರುತ್ತದೆ ಅಲ್ವಾ? ಕಾರಿನಲ್ಲಿ ಬಾಗಿಲೇ ಆ ಪೆಟ್ಟಿಗೆ. ಆದರೆ ಅದು ತೆಳ್ಳಗಿನ ತಗಡು, ಒಳಗೆ ದೊಡ್ಡ ದೊಡ್ಡ ತೂತು. ಇಂಥ ಬಾಗಿಲಿಗೆ ದುಬಾರಿ ಸ್ಪೀಕರ್ ಹಾಕಿದ್ರೂ ತಗಡಿನ ಸದ್ದೇ ಬರುತ್ತದೆ.

ಹಾಗಾಗಿ ಮೊದಲ ಖರ್ಚು ತಗಡಿನ ನಡುಕ ತಡೆಯುವ ಡ್ಯಾಂಪಿಂಗ್ ಶೀಟಿಗೆ. ಬ್ಯುಟೈಲ್ ರಬ್ಬರ್ ಶೀಟೇ ಕೇಳಿ ತಗೊಳ್ಳಿ. ಅಗ್ಗದ ಡಾಂಬರು ಶೀಟ್ ಬೇಡ, ಕಾರವಾರದ ಬಿಸಿಲಿಗೆ ಮೆತ್ತಗಾಗಿ ಜಾರುತ್ತದೆ, ಕಾರಿನೊಳಗೆ ವಾಸನೆಯೂ ಸೇರಿಕೊಳ್ಳುತ್ತದೆ. ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹೊದಿಕೆ) ಬಿಚ್ಚುವಾಗ ಕ್ಲಿಪ್ ಮುರಿಯುವುದು ಸಾಮಾನ್ಯ, ನಾಲ್ಕೈದು ಮೊದಲೇ ತಂದಿಟ್ಟುಕೊಳ್ಳಿ. ತಗಡನ್ನು ಸ್ಪಿರಿಟ್ ಹಾಕಿ ಒರೆಸಿ, ಪೂರ್ತಿ ಒಣಗಿದ ಮೇಲೆ ಅಂಟಿಸಿ, ರೋಲರ್‌ನಿಂದ ಗಟ್ಟಿಯಾಗಿ ಒತ್ತಿ. ಮಳೆಗಾಲದಲ್ಲಿ ಈ ಕೆಲಸ ಬೇಡ, ತೇವ ಇದ್ದರೆ ಶೀಟ್ ಕಚ್ಚುವುದೇ ಇಲ್ಲ. ಹೊರಗಿನ ತಗಡಿಗೆ ಪೂರ್ತಿ ಬೇಕಾಗಿಲ್ಲ, ಸ್ಪೀಕರಿನ ನೇರ ಹಿಂದಕ್ಕೂ ಬೆರಳಲ್ಲಿ ತಟ್ಟಿದಾಗ ಟಣ್ ಅನ್ನುವ ಕಡೆಗೂ ಹಾಕಿದರೆ ಸಾಕು. ಒಳಗಿನ ತಗಡಿನ ತೂತು ಮುಚ್ಚುವುದರಲ್ಲಿ ಮಾತ್ರ ಜಿಪುಣತನ ಬೇಡ.

ಒಂದು ಮಾತು ಮರೀಬೇಡಿ. ಬಾಗಿಲಿನ ತಳದಲ್ಲಿ ನೀರು ಹೋಗುವ ಸಣ್ಣ ತೂತುಗಳಿರುತ್ತವೆ, ಅವನ್ನು ಮುಚ್ಚಬಾರದು. ಗಾಜಿನ ಪಕ್ಕದಿಂದ ಬಾಗಿಲೊಳಗೆ ನೀರು ಇಳಿಯುತ್ತಲೇ ಇರುತ್ತದೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಹೊಡೆಯುವ ಮಳೆಗೆ ಆ ನೀರು ಒಳಗೇ ನಿಂತರೆ ಎರಡೇ ವರ್ಷದಲ್ಲಿ ಬಾಗಿಲು ತುಕ್ಕು ಹಿಡಿದೀತು. ಪ್ಯಾಡ್ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನೂ ಎಸೆಯಬೇಡಿ, ವಾಪಸ್ ಅಂಟಿಸಿ.

ಇನ್ನು ಸ್ಪೀಕರ್. ಡಬ್ಬಿಯ ಮೇಲೆ 300 ವಾಟ್, 400 ವಾಟ್ ಅಂತ ದೊಡ್ಡದಾಗಿ ಬರೆದಿರುತ್ತಾರೆ, ಅದನ್ನು ನೋಡಲೇಬೇಡಿ. ಆಂಪ್ಲಿಫೈಯರ್ ಇಲ್ಲದ ಸ್ಟೀರಿಯೋದ ಮೇಲೆ 50 ವಾಟ್ ಅಂತ ಬರೆದಿದ್ದರೂ ಒಂದೊಂದು ಸ್ಪೀಕರಿಗೆ ಅದು ನಿಜವಾಗಿ ಕೊಡುವುದು 20 ವಾಟ್‌ನ ಆಸುಪಾಸು. ನೋಡಬೇಕಾದ್ದು ಸೆನ್ಸಿಟಿವಿಟಿ, ಅಂದರೆ ಕೊಟ್ಟಷ್ಟೇ ವಾಟ್‌ನಲ್ಲಿ ಸ್ಪೀಕರ್ ಎಷ್ಟು ಜೋರಾಗಿ ಹಾಡುತ್ತದೆ ಅನ್ನುವ ಲೆಕ್ಕ. 87 ಡೆಸಿಬಲ್ ಇರುವ ಸ್ಪೀಕರಿಗಿಂತ 90 ಡೆಸಿಬಲ್ ಇರುವುದು ಅದರ ಅರ್ಧದಷ್ಟು ವಾಟ್‌ನಲ್ಲೇ ಅಷ್ಟೇ ಜೋರಾಗಿ ಹಾಡುತ್ತದೆ. ಸ್ಪೀಕರಿನ ವಿದ್ಯುತ್ ತಡೆ (ಇಂಪೀಡೆನ್ಸ್) 4 ಓಮ್ ಇರಲಿ. ಕೋನ್ ಪಾಲಿಪ್ರೊಪಿಲೀನಿನದು, ಅಂಚು ರಬ್ಬರಿನದು ಆದರೆ ನಮ್ಮ ತೇವಕ್ಕೆ ಬಾಳಿಕೆ ಬರುತ್ತದೆ. ಎಷ್ಟೋ ಕಾರುಗಳಿಗೆ ಆರೂವರೆ ಇಂಚು ಕೂರುತ್ತದೆ, ಆದರೂ ಗಾಜು ಪೂರ್ತಿ ಇಳಿಸಿ ಆಳ ಅಳೆದುಕೊಂಡೇ ಅಂಗಡಿಗೆ ಹೋಗಿ, ಇಲ್ಲಾಂದ್ರೆ ಮ್ಯಾಗ್ನೆಟ್‌ಗೆ ಗಾಜು ತಾಗುತ್ತದೆ. ಕೂರಿಸುವ ರಿಂಗ್ ಎಂಡಿಎಫ್‌ನದು (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ, ನೀರು ಕುಡಿದು ಉಬ್ಬುತ್ತದೆ. ಪ್ಲಾಸ್ಟಿಕ್ ರಿಂಗ್ ಹಾಕಿ.

ವೈರ್ ಕತ್ತರಿಸಬೇಡಿ, ನಿಮ್ಮ ಕಾರಿಗೆ ಹೊಂದುವ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಸಿಗುತ್ತದೆ. ಕಡಲ ಬದಿಯವರಾದರೆ ಜೋಡಿಸಿದ ಜಾಗಕ್ಕೆ ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಸ್ಲೀವ್ ತೊಡಿಸಿ ಬಿಸಿ ಮಾಡಿ. ನನ್ನ ಹಳೇ ಸ್ಪೀಕರಿನ ವೈರನ್ನು ಒಂದು ಅಂಗಡಿಯಲ್ಲಿ ಸುಮ್ನೆ ತಿರುಚಿ ಟೇಪ್ ಸುತ್ತಿ ಕೊಟ್ಟಿದ್ದರು, ಬಿಚ್ಚಿ ನೋಡಿದರೆ ತಾಮ್ರ ಹಸಿರಾಗಿ ಪುಡಿಯಾಗಿತ್ತು. ಅಷ್ಟೇ ಅಲ್ಲ, ಒಂದು ಬಾಗಿಲಿನಲ್ಲಿ ಪ್ಲಸ್ ಮೈನಸ್ ಅದಲುಬದಲಾಗಿತ್ತು. ಹಾಗಾದರೆ ಎಡದ ಕೋನ್ ಮುಂದೆ ಬಂದಾಗ ಬಲದ್ದು ಹಿಂದೆ ಹೋಗುತ್ತದೆ, ಬಾಸ್ ಮಾಯ. ಪರೀಕ್ಷೆ ಸುಲಭ. ಕಪ್ಲರ್ ಬಿಡಿಸಿ, ಗಡಿಯಾರದ 1.5 ವೋಲ್ಟ್ ಸೆಲ್ಲಿನ ಪ್ಲಸ್ಸನ್ನು ಸ್ಪೀಕರಿನ ಪ್ಲಸ್ಸಿಗೆ ಹೋಗುವ ವೈರಿಗೆ, ಮೈನಸ್ಸನ್ನು ಮೈನಸ್ಸಿನ ವೈರಿಗೆ ಒಂದು ಕ್ಷಣ ಮುಟ್ಟಿಸಿ. ಎರಡೂ ಕಡೆ ಕೋನ್ ಮುಂದೆ ಬಂದರೆ ಸರಿ. ನನ್ನ ಮದ್ದಳೆ ಅರ್ಧ ವಾಪಸ್ ಬಂದದ್ದು ಇಷ್ಟರಿಂದಲೇ!

ಸೆಟ್ಟಿಂಗ್‌ಗೆ ದುಡ್ಡೇ ಬೇಡ. ಲೌಡ್‌ನೆಸ್ ಆಫ್ ಮಾಡಿ, ಬಾಸ್ ಟ್ರೆಬಲ್ ಎರಡೂ ಸೊನ್ನೆಗೆ ತನ್ನಿ. ಹೈ ಪಾಸ್ ಫಿಲ್ಟರ್ ಇದ್ದರೆ 80 ಹರ್ಟ್ಸ್‌ಗೆ ಇಟ್ಟು ಕೇಳಿ. ತೀರಾ ಕೆಳಗಿನ ಬಾಸ್ ಹೋಗುತ್ತದೆ ನಿಜ, ಆದರೆ ಬಾಗಿಲಿನ ಸ್ಪೀಕರ್ ಅದನ್ನು ಹೇಗೂ ಸರಿಯಾಗಿ ನುಡಿಸುವುದಿಲ್ಲ, ಅದರ ಭಾರ ಇಳಿದರೆ ಸ್ವರ ಎಷ್ಟು ಬಿಡಿಸಿಕೊಂಡು ಬರುತ್ತದೆ ಗೊತ್ತಾ! ಚಂಡೆ ಚುಚ್ಚಿದರೆ ಈಕ್ವಲೈಜರಿನಲ್ಲಿ 2 ರಿಂದ 4 ಸಾವಿರ ಹರ್ಟ್ಸ್ ಒಂದೆರಡು ಹೆಜ್ಜೆ ಇಳಿಸಿ. ಬೇರೆಯದನ್ನು ಏರಿಸುವುದಕ್ಕಿಂತ ಚುಚ್ಚುವುದನ್ನು ಇಳಿಸುವುದೇ ಯಾವಾಗಲೂ ಒಳ್ಳೆಯದು. ಹಾಡು ಪೆನ್‌ಡ್ರೈವ್‌ನಲ್ಲಿದ್ದರೆ 320 ಕೆಬಿಪಿಎಸ್ ಎಂಪಿ3 ಸಾಕು.

ಇಷ್ಟಾದ ಮೇಲೂ ಬಾಸ್ ಕಮ್ಮಿ ಅನ್ನಿಸಿದರೆ, ಕೈಯಲ್ಲಿ ಇನ್ನೂ ಎಂಟು ಹತ್ತು ಸಾವಿರ ಇದ್ದರೆ, ಸೀಟಿನಡಿ ಕೂರುವ ಸಬ್‌ಊಫರ್ ನೋಡಬಹುದು. ಅದರೊಳಗೇ ಆಂಪ್ ಇರುತ್ತದೆ. ವೈರ್ ನೇರ ಬ್ಯಾಟರಿಯಿಂದ ಬರಬೇಕು, ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ಫ್ಯೂಸ್ ಬೇಡ ಸಾರ್ ಅನ್ನುವವರ ಹತ್ತಿರ ಕೆಲಸ ಮಾಡಿಸಬೇಡಿ, ವೈರ್ ಎಲ್ಲಾದರೂ ಉಜ್ಜಿ ಶಾರ್ಟ್ ಆದರೆ ಕಾರಿಗೇ ಬೆಂಕಿ.

ಶೀಟ್ ತುಂಡು ಉಳಿದರೆ ಹಿಂದಿನ ನಂಬರ್ ಪ್ಲೇಟ್ ಹಿಂದೆ ಅಂಟಿಸಿ. ಇಷ್ಟು ದಿನ ಡಿಕ್ಕಿಯಿಂದ ಬರುತ್ತಿದೆ ಅಂದುಕೊಂಡ ಕಟಕಟ ಅಲ್ಲಿಂದಲೇ ಇರಬಹುದು, ನನ್ನ ಕಾರಿನಲ್ಲಿ ಹಾಗೇ ಆಗಿತ್ತು.