ಅಮೈಲಾಯ್ಡ್ ಪೆಟ್ ಸ್ಕ್ಯಾನಲ್ಲಿ ನಾನು ಮೊದಲು ನೋಡೋದು ಸೆರೆಬೆಲಮ್ (ಪುಣೆಯಿಂದ ನನ್ನ ಅನುಭವ)

ಪುಣೆಲಿ ನ್ಯೂಕ್ಲಿಯರ್ ಮೆಡಿಸಿನ್ ಕೆಲಸ ಮಾಡ್ತಿದೀನಿ, ಅಲ್ಜೈಮರ್ಸ್ ಅನುಮಾನ ಇರೋರಿಗೆ ಅಮೈಲಾಯ್ಡ್ ಪೆಟ್ (ಮೆದುಳಲ್ಲಿ ಕೂತಿರೋ ಅಮೈಲಾಯ್ಡ್ ಅನ್ನೋ ಪ್ರೋಟೀನ್ ತೋರಿಸೋ ಸ್ಕ್ಯಾನ್) ಮಾಡೋದೂ ನಮ್ಮ ಕೆಲಸಾನೇ. ಕಣ್ಣಲ್ಲಿ ನೋಡಿ ಪಾಸಿಟಿವ್ ಅಥವಾ ನೆಗೆಟಿವ್ ಅನ್ನೋದು ಒಂದು, ಎಷ್ಟಿದೆ ಅಂತ ನಂಬರ್ ಕೊಡೋದು ಇನ್ನೊಂದು. ಲೆಕಾನೆಮ್ಯಾಬ್, ಡೊನಾನೆಮ್ಯಾಬ್ ಥರದ ಅಮೈಲಾಯ್ಡ್ ತೆಗೆಯೋ ಔಷಧಿ ಬಂದ್ಮೇಲೆ ನಂಬರಿಗೆ ಬೆಲೆ ಜಾಸ್ತಿ ಆಗಿದೆ, ಡೊನಾನೆಮ್ಯಾಬ್ ಟ್ರಯಲಲ್ಲಿ ಸೆಂಟಿಲಾಯ್ಡ್ ಅನ್ನೋ ಅಮೈಲಾಯ್ಡ್ ಅಳತೇಲಿ 24.1‌ಗಿಂತ ಕೆಳಗಿಳಿದ್ರೆ ಅಮೈಲಾಯ್ಡ್ ಕ್ಲಿಯರ್ ಆಯ್ತು ಅಂತ ಲೆಕ್ಕ ಹಿಡಿದ್ರು.

ನಾವು ಬಳಸೋದು ಫ್ಲೋರ್ಬೆಟಾಬೆನ್ ಅನ್ನೋ ಟ್ರೇಸರ್ (ಅಮೈಲಾಯ್ಡ್‌ಗೆ ಅಂಟೋ ವಿಕಿರಣದ ಇಂಜೆಕ್ಷನ್), ಡೋಸ್ ಮುಂಬೈ ಕಡೆಯಿಂದ ರಸ್ತೇಲಿ ಬರತ್ತೆ. ಅದರಲ್ಲಿರೋ ವಿಕಿರಣ ಫ್ಲೋರಿನ್, ಎಫ್-18, ಸುಮಾರು 110 ನಿಮಿಷಕ್ಕೆ ಅರ್ಧ ಆಗೋಗತ್ತೆ, ಖಂಡಾಲಾ ಘಾಟಲ್ಲಿ ಟ್ರಾಫಿಕ್ ಸಿಕ್ಕಿಹಾಕ್ಕೊಂಡು ಮೂರುಮುಕ್ಕಾಲು ಗಂಟೆ ಆಯ್ತಂದ್ರೆ ಕಾಲು ಭಾಗ ಉಳಿಯತ್ತೆ. ಎಲ್ರೂ ಡೋಸ್ ಬಗ್ಗೆನೇ ತಲೆ ಕೆಡಿಸ್ಕೋತಾರೆ, ಆದ್ರೆ ನಾವು ಅಳೆಯೋ ಎಸ್‌ಯುವಿಆರ್ ಒಂದು ಅನುಪಾತ, ಕಾರ್ಟೆಕ್ಸಿನ (ಮೆದುಳಿನ ಹೊರಪದರ) ಓದು ಭಾಗಿಸು ಸೆರೆಬೆಲಮ್ಮಿನ (ಹಿಂದೆ ಕೆಳಗಿರೋ ಸಣ್ಣ ಮೆದುಳು) ಓದು, ಹಂಗಾಗಿ ಡೋಸು, ತೂಕ ಎರಡೂ ಮೇಲೆ ಕೆಳಗೆ ಹೊಡೆದುಹೋಗತ್ತೆ. ಡೋಸ್ ಕಮ್ಮಿ ಆದ್ರೆ ಚಿತ್ರದಲ್ಲಿ ನಾಯ್ಸ್ (ಚುಕ್ಕೆ ಚುಕ್ಕೆ ಏರಿಳಿತ) ಜಾಸ್ತಿ ಆಗತ್ತೆ ಅಷ್ಟೇ. ಹೊಡೆದುಹೋಗದೇ ಉಳಿಯೋದು ಟೈಮ್ ಮತ್ತೆ ತಲೆ ಇಟ್ಟಿರೋ ರೀತಿ. ಇಂಜೆಕ್ಷನ್ ಆಗಿ 90ರಿಂದ 110 ನಿಮಿಷ, ಇದು ನಮ್ಮ ವಿಂಡೋ, ಹಿಂದಿನ ಪೇಶಂಟ್ ಲೇಟಾಯ್ತು ಅಂತ ಇದನ್ನ ಆಚೀಚೆ ಮಾಡೋಕೆ ನಾನು ಬಿಡಲ್ಲ. ಎರಡನೇ ಸಲ ಬಂದಾಗ್ಲೂ ಅದೇ ವಿಂಡೋ, ಅದೇ ಸ್ಕ್ಯಾನರ್, ಚಿತ್ರ ಕಟ್ಟೋ ಅದೇ ರೀಕನ್‌ಸ್ಟ್ರಕ್ಷನ್.

ಈಗ ಸೆರೆಬೆಲಮ್ ವಿಷಯ. ಅಳೆಯೋ ಸೇರೇ ಸಣ್ಣದಾದ್ರೆ ಅದೇ ಜೋಳ ಜಾಸ್ತಿ ಕಾಣತ್ತಲ್ಲ, ಹಂಗೆ. ಸ್ಟ್ಯಾಂಡರ್ಡ್ ವಿಧಾನದಲ್ಲಿ ಫ್ಲೋರ್ಬೆಟಾಬೆನ್ ಸೆಂಟಿಲಾಯ್ಡ್ ಅಂದ್ರೆ 153.4 ಗುಣಿಸು ಎಸ್‌ಯುವಿಆರ್, ಕಳೆ 154.9. ಎಸ್‌ಯುವಿಆರ್ 1.25 ಇದ್ರೆ ಸುಮಾರು 37 ಬರತ್ತೆ. ಸೆರೆಬೆಲಮ್ ಬರೀ 5% ಕಮ್ಮಿ ಓದಿತು ಅನ್ಕೊಳ್ಳಿ, ಎಸ್‌ಯುವಿಆರ್ 1.32 ಹತ್ರ ಹೋಗಿ ಸೆಂಟಿಲಾಯ್ಡ್ 47 ಆಗತ್ತೆ! ಮೆದುಳಲ್ಲಿ ಏನೂ ಬದಲಾಗಿಲ್ಲ, ಮನೆಯವ್ರು ಮಾತ್ರ ಔಷಧಿ ಕೆಲಸ ಮಾಡ್ತಿಲ್ಲ ಅಂತ ಅಳ್ತಾ ಕೂತಿರ್ತಾರೆ.

ಅದು ಕಮ್ಮಿ ಓದೋಕೆ ಕಾರಣ ಬಹಳ ಸಣ್ಣವು. ವಯಸ್ಸಾದೋರ ಬೆನ್ನು ಬಾಗಿರತ್ತೆ, ಗದ್ದ ಮೇಲೆ ಎದ್ದಿರತ್ತೆ, ಸೆರೆಬೆಲಮ್ ಸ್ಕ್ಯಾನರಿನ ಅಂಚಿಗೆ ಬಂದ್ಬಿಡತ್ತೆ, ಅಂಚಲ್ಲಿ ಯಾವಾಗ್ಲೂ ನಾಯ್ಸ್ ಜಾಸ್ತಿ. ಇಲ್ಲಾ ಪೆಟ್ ಜೊತೆ ತೆಗೆಯೋ ಸಿಟಿ ಸ್ಕ್ಯಾನ್ ಆದ್ಮೇಲೆ ತಲೆ ಅಲ್ಲಾಡಿಸಿರ್ತಾರೆ, ಆಗ ಅಟೆನ್ಯುಯೇಶನ್ ಕರೆಕ್ಷನ್ (ತಲೆ ಒಳಗೇ ಹೀರಿಹೋದ ಸಿಗ್ನಲನ್ನ ಸಿಟಿ ನೋಡಿ ಸರಿಮಾಡೋದು) ತಪ್ಪಾದ ಜಾಗಕ್ಕೆ ಕೂರತ್ತೆ, ಮೂಳೆ ಇರೋ ಕಡೆ ಗಾಳಿ, ಗಾಳಿ ಇರೋ ಕಡೆ ಮೂಳೆ ಅನ್ಕೊಂಡು ಲೆಕ್ಕ ಮಾಡತ್ತೆ. ಅದಕ್ಕೇ 20 ನಿಮಿಷಾನ ಐದೈದು ನಿಮಿಷದ ನಾಲ್ಕು ಫ್ರೇಮ್ ಮಾಡಿ ತಗೋತೀವಿ. ಒಂದೊಂದು ಫ್ರೇಮನ್ನೂ ಸಿಟಿ ಮೇಲೆ ಇಟ್ಟು ತಲೆಬುರುಡೆ ಗೆರೆ ಕೂತಿದ್ಯಾ ನೋಡ್ತೀನಿ, ಕೂತಿಲ್ಲಾಂದ್ರೆ ಸಿಟಿನ ಸರಿಸಿ ಮತ್ತೆ ರೀಕನ್‌ಸ್ಟ್ರಕ್ಟ್, ಆಮೇಲೆ ಫ್ರೇಮ್‌ಗಳನ್ನ ಸೇರಿಸೋದು.

ಆದ್ರೆ ಅಲ್ಲಾಡದಂಗೆ ನೋಡ್ಕೊಳ್ಳೋದೇ ಎಲ್ಲಕ್ಕಿಂತ ಒಳ್ಳೇದು. ವಿಜಯಪುರ ಕಡೆಯಿಂದ ಮಗನ ಮನೆಗೆ ಬಂದಿದ್ದ ಒಬ್ಬ ಅಜ್ಜಿಗೆ ನಮ್ಮ ಟೆಕ್ನಿಶಿಯನ್ ಮರಾಠಿ ಹಿಂದಿ ಎರಡ್ರಲ್ಲೂ ಹೇಳಿ ಸೋತ, ಪ್ರತಿ ಮಾತಿಗೂ ಅವರು ತಲೆ ಎತ್ತಿ ಏನು ಅಂತ ನೋಡೋರು. ನಾನು ಒಳಗೆ ಹೋಗಿ "ಯವ್ವಾ, ಕಣ್ಣ ಮುಚ್ಕೊಂಡು ಸುಮ್ಮನ ಮಲ್ಕೊ, ನಾ ಇಲ್ಲೇ ಅದೀನಿ" ಅಂದೆ, ಮಂಡಿ ಕೆಳಗೆ ದಿಂಬು ಇಟ್ವಿ, ಹಣೆಗೆ ಪಟ್ಟಿ, ಕಂಬಳಿ. ನಾಲ್ಕೂ ಫ್ರೇಮ್ ಒಂದರ ಮೇಲೊಂದು ಕೂತವು. ಬಾತ್‌ರೂಮಿಗೆ ಮೊದಲೇ ಕಳಿಸೋದು ಮರೀಬೇಡಿ, ಅದು ಯಾವ ಸಾಫ್ಟ್‌ವೇರಿಗಿಂತ ಕಮ್ಮಿ ಅಲ್ಲ.

ಬೇರೆ ಕಡೆ ಬೇರೆ ಟ್ರೇಸರಲ್ಲಿ ಮಾಡಿದ ಎಸ್‌ಯುವಿಆರ್ ತಂದು ಹೋಲಿಸಿ ಅಂತಾರೆ, ನೇರವಾಗಿ ಆಗಲ್ಲ, ಒಂದೊಂದು ಟ್ರೇಸರಿನ ಅಳತೆ ಒಂದೊಂದು. ಅದಕ್ಕೇ 2015ರಲ್ಲಿ ಸೆಂಟಿಲಾಯ್ಡ್ ಬಂತು, ಆರೋಗ್ಯವಂತ ಯುವಕರ ಸರಾಸರಿ 0, ಅಲ್ಜೈಮರ್ಸ್ ಇರೋರ ಸರಾಸರಿ 100. ಅದಕ್ಕೆ ಬದಲಾಯಿಸ್ಬೇಕಂದ್ರೂ ಮೂಲ ಚಿತ್ರ ಬೇಕು, ಪ್ರಿಂಟ್ ಫಿಲ್ಮ್ ಸಾಲದು. ಸ್ಕ್ಯಾನ್ ಮಾಡಿಸೋರು ಡೈಕಾಮ್ ಸಿಡಿ (ಮೂಲ ಚಿತ್ರದ ಫೈಲ್ ಇರೋದು) ಕೇಳಿ ತಗೊಳ್ಳಿ, ರಿಪೋರ್ಟಲ್ಲಿ ಟ್ರೇಸರ್ ಹೆಸರು, ಇಂಜೆಕ್ಷನ್ ಟೈಮ್, ಸ್ಕ್ಯಾನ್ ಶುರುವಾದ ಟೈಮ್ ಬರೆದಿದ್ಯಾ ಅಂತ ಅಲ್ಲೇ ನಿಂತು ನೋಡ್ಕೊಳ್ಳಿ.