‘ಶೋಲ್’ ಬಂದಲ್ಲಿ ಕನ್ನಡದಲ್ಲಿ ಏನು ಬರೆಯಬೇಕು: ಮರಳದಿಬ್ಬವೋ, ಮೀನಿನ ಹಿಂಡೋ?

ಇಂಗ್ಲಿಷಿನ ‘ಶೋಲ್’ ನೋಡಲು ಒಂದೇ ಪದ. ಒಳ್ಳೆಯ ನಿಘಂಟು ತೆರೆದರೆ ಎರಡು ಬೇರೆ ಬೇರೆ ನಮೂದು ಸಿಗುತ್ತವೆ. ಒಂದು, ಆಳವಿಲ್ಲದ ನೀರಿನ ಜಾಗ. ಅದು ‘ಶಾಲೋ’ ಎಂಬ ಪದದ ನೆಂಟ. ಇನ್ನೊಂದು, ಮೀನಿನ ಗುಂಪು. ಅದು ‘ಸ್ಕೂಲ್ ಆಫ್ ಫಿಶ್’ ಎನ್ನುವಾಗಿನ ‘ಸ್ಕೂಲ್’ ಜೊತೆ ಹುಟ್ಟಿದ್ದು. ಪಾಠ ಹೇಳುವ ಸ್ಕೂಲ್ ಗ್ರೀಕ್–ಲ್ಯಾಟಿನ್ ಕಡೆಯದು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಹಾಗಾಗಿ ‘ಮೀನಿನ ಶಾಲೆ’ ಎಂದು ಬರೆದ ಅನುವಾದ ಕಂಡರೆ ಯಂತ್ರ ಮಾಡಿದ್ದನ್ನು ಯಾರೂ ಮತ್ತೆ ಓದಿಲ್ಲ ಎಂದೇ ಅರ್ಥ.

ಮೊದಲು ಅಕ್ಕಪಕ್ಕದ ಪದ ನೋಡಿ. ‘ಶೋಲ್ ಆಫ್’ ಆದಮೇಲೆ ಮೀನಿನ ಹೆಸರು ಬಂದರೆ ಗುಂಪು. ಹಡಗು, ಆಳ, ಇಳಿತ, ನಕ್ಷೆ, ನದೀಮುಖ ಇಂಥವು ಸುತ್ತಮುತ್ತ ಇದ್ದರೆ ದಿಬ್ಬ. ಹೆಸರಿನ ಕೊನೆಯಲ್ಲಿ ದೊಡ್ಡಕ್ಷರದಲ್ಲಿ ಬಂದರೆ ಅದು ಸ್ಥಳನಾಮ, ಅದರ ಮಾತು ಆಮೇಲೆ.

ದಿಬ್ಬದ ಅರ್ಥದಲ್ಲಿ ‘ನೀರೊಳಗಿನ ಮರಳದಿಬ್ಬ’ ಎಂಬುದು ಸುರಕ್ಷಿತ. ಬರೀ ‘ಮರಳದಿಬ್ಬ’ ಎಂದರೆ ಓದುಗರಿಗೆ ಮರುಭೂಮಿ ನೆನಪಾಗಬಹುದು, ಆದ್ದರಿಂದ ಮೊದಲ ಸಲ ‘ನೀರೊಳಗಿನ’ ಸೇರಿಸಿ, ಮುಂದೆ ‘ದಿಬ್ಬ’ ಎಂದರೆ ಸಾಕು. ‘ಮರಳ ದಂಡೆ’ ಬೇಡ. ದಂಡೆ ಎಂದರೆ ನಮಗೆ ನದಿಯ ಅಥವಾ ಕಡಲಿನ ಅಂಚು. ‘ಬಂಡೆ’ಯೂ ಬೇಡ. ನೌಕಾಯಾನದ ಪರಿಭಾಷೆಯಲ್ಲಿ ಶೋಲ್ ಅಂದರೆ ಮರಳು, ಕೆಸರು, ಜಲ್ಲಿಯಂಥ ಸಡಿಲ ವಸ್ತುವಿನದು. ಗಟ್ಟಿ ಕಲ್ಲಿನದಾದರೆ ‘ರೀಫ್’. ಕರಾವಳಿಯ ಎರಡು ಪದಗಳೂ ಇಲ್ಲಿ ಆಸೆ ತೋರಿಸುತ್ತವೆ. ‘ಕುದ್ರು’ ಎಂದರೆ ನದಿ ನಡುವಿನ ನೆಲ, ಅಲ್ಲಿ ತೆಂಗಿನ ತೋಟ, ಮನೆ ಎಲ್ಲ ಇರುತ್ತವೆ. ಶೋಲ್ ನೀರಡಿ ಇರುವುದು ಅಥವಾ ಇಳಿತದಲ್ಲಿ ಮಾತ್ರ ತಲೆ ತೋರಿಸುವುದು. ‘ಅಳಿವೆ’ ಎಂದರೆ ನದಿ ಕಡಲು ಸೇರುವ ಬಾಯಿ. ಆ ಬಾಯಲ್ಲಿ ಕೂತ ಮರಳೇ ಶೋಲ್. ‘ಅಳಿವೆಯಲ್ಲಿ ಮರಳು ತುಂಬಿ ದೋಣಿ ಹೋಗಲು ಆಳವಿಲ್ಲ’ ಎಂದು ಬರೆದರೆ ಮಲ್ಪೆ, ಗಂಗೊಳ್ಳಿ ಕಡೆಯವರು ಒಂದೇ ಓದಿಗೆ ಹಿಡಿಯುತ್ತಾರೆ.

ಹಡಗು ಅಂಥ ದಿಬ್ಬಕ್ಕೆ ಸಿಕ್ಕಿದಾಗ ‘ನೆಲಕಚ್ಚಿತು’ ಎಂದು ಬರೆಯುವ ಚಟ ಬಿಡಿ. ನೆಲಕಚ್ಚುವುದು ಬೆಲೆ, ಬೆಳೆ, ವ್ಯಾಪಾರ. ಹಡಗು ‘ತಳ ತಾಗಿ ನಿಂತಿತು’ ಅಥವಾ ‘ಮರಳಿನಲ್ಲಿ ಸಿಕ್ಕಿಕೊಂಡಿತು’ ಎಂದರೆ ಚೊಕ್ಕ. ‘ಶೋಲ್ ಡ್ರಾಫ್ಟ್’ ದೋಣಿ ಎಂದಿದ್ದರೆ ಅದು ಕಡಿಮೆ ಆಳದ ನೀರಿನಲ್ಲೂ ಓಡುವ ದೋಣಿ. ಅದಕ್ಕೂ ಮರಳಿಗೂ ನೇರ ಸಂಬಂಧವಿಲ್ಲ.

ಹೆಚ್ಚು ಎಡವುವುದು ಕ್ರಿಯಾಪದದಲ್ಲಿ. ‘ಶೋಲಿಂಗ್’ ಬಂದರೆ ಯಾವ ವಿಷಯದ ಬರಹ ಎಂದು ನೋಡದೆ ಕೈ ಹಾಕಬೇಡಿ. ಬಂದರಿನ ಹೂಳೆತ್ತುವ ವರದಿಯಲ್ಲಿ ಅದು ‘ಹೂಳು ತುಂಬುವುದು’. ಮೀನಿನ ಬಗ್ಗೆ ಇದ್ದರೆ ‘ಗುಂಪುಗೂಡುವುದು’. ಅಲೆಗಳ ಬಗ್ಗೆ ಇದ್ದರೆ ಅರ್ಥವೇ ತಿರುಗುತ್ತದೆ: ನೀರಿನ ಆಳ ಅಲೆಯುದ್ದದ (ಎರಡು ಅಲೆಗಳ ತುದಿಗಳ ನಡುವಿನ ದೂರದ) ಅರ್ಧಕ್ಕಿಂತ ಕಡಿಮೆಯಾದಾಗ ಅಲೆಗೆ ತಳದ ಪ್ರಭಾವ ತಟ್ಟುತ್ತದೆ, ದಡದತ್ತ ಬರುತ್ತಾ ವೇಗವೂ ಅಲೆಯುದ್ದವೂ ಕುಗ್ಗಿ ಎತ್ತರ ಏರುತ್ತದೆ, ಅಲೆಯ ಅವಧಿ (ಒಂದರ ಹಿಂದೆ ಇನ್ನೊಂದು ಅಲೆ ಬರಲು ಹಿಡಿಯುವ ಹೊತ್ತು) ಮಾತ್ರ ಬದಲಾಗುವುದಿಲ್ಲ. ನಡುಗಡಲಲ್ಲಿ ಗೊತ್ತೇ ಆಗದಷ್ಟು ತಗ್ಗಾಗಿದ್ದ ಸುನಾಮಿ ದಡದಲ್ಲಿ ಗೋಡೆಯಂತೆ ಏಳುವುದಕ್ಕೆ ಇದೂ ಒಂದು ಕಾರಣ. ಇಲ್ಲಿ ‘ಆಳ ಕಡಿಮೆಯಾದಂತೆ ಅಲೆ ಎತ್ತರಿಸುವುದು’ ಎಂದು ಬಿಡಿಸಿಯೇ ಬರೆಯಬೇಕು. ‘ಅಲೆಗಳ ಹೂಳು’ ಎಂದರೆ ಕೆಟ್ಟಿತು.

ಮೀನಿನ ಅರ್ಥಕ್ಕೆ ‘ಹಿಂಡು’, ‘ಗುಂಪು’ ಎರಡೂ ಸಲ್ಲುತ್ತವೆ, ಸುದ್ದಿಗೆ ಯಾವುದಾದರೂ ಆದೀತು. ಜೀವಶಾಸ್ತ್ರದ ಬರಹದಲ್ಲಿ ಮಾತ್ರ ಹಾಗಲ್ಲ. ಅಲ್ಲಿ ‘ಶೋಲ್’ ಎಂದರೆ ಒಟ್ಟಿಗೆ ಇರಬೇಕೆಂದೇ ಸೇರಿದ ಮೀನುಗಳು, ಯಾವ ದಿಕ್ಕಿಗೆ ಮುಖ ಮಾಡಿದ್ದರೂ ಸರಿ. ‘ಸ್ಕೂಲ್’ ಎಂದರೆ ಅದೇ ಗುಂಪು ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ, ಒಟ್ಟಿಗೆ ತಿರುಗುತ್ತಾ ಈಜುವುದು. ಎಲ್ಲ ಸ್ಕೂಲೂ ಶೋಲೇ, ಎಲ್ಲ ಶೋಲೂ ಸ್ಕೂಲಲ್ಲ. ಎರಡೂ ಬರುವ ಲೇಖನದಲ್ಲಿ ಮೊದಲನೆಯದಕ್ಕೆ ‘ಗುಂಪು’, ಎರಡನೆಯದಕ್ಕೆ ‘ಒಂದೇ ದಿಕ್ಕಿಗೆ ಈಜುವ ಹಿಂಡು’ ಎಂದು ಆರಂಭದಲ್ಲೇ ಗೊತ್ತುಮಾಡಿಕೊಂಡು ಕೊನೆವರೆಗೂ ಅದನ್ನೇ ಉಳಿಸಿ. ನಡುವೆ ಅದಲುಬದಲು ಮಾಡಿದರೆ ಲೇಖಕರ ವಾದವೇ ಕೈತಪ್ಪುತ್ತದೆ.

ವಾಕ್ಯಕ್ಕೆ ಬೇಕಾದ ಮಾತು ಮೀನುಗಾರಿಕೆಯಲ್ಲೇ ಸಿಗುತ್ತದೆ. ರಂಪಣಿ ಬಲೆ ಕೆಲಸ ಮಾಡುವುದೇ ಬಂಗುಡೆ, ಬೂತಾಯಿ ದಡದ ಹತ್ತಿರ ಹಿಂಡಾಗಿ ಬರುವುದರಿಂದ: ದೋಣಿಯಲ್ಲಿ ಬಲೆ ಒಯ್ದು ಹಿಂಡನ್ನು ಸುತ್ತುವರಿದು, ಎರಡೂ ತುದಿಯನ್ನು ದಡದಿಂದ ಎಳೆಯುತ್ತಾರೆ. ‘ಬಂಗುಡೆಯ ಹಿಂಡು ದಡಕ್ಕೆ ಬಂತು’ ಎಂದರೆ ಸಹಜ. ‘ಬಂಗುಡೆಗಳ ಒಂದು ಹಿಂಡು’ ಎಂಬಲ್ಲಿ ‘ಒಂದು’ ಇಂಗ್ಲಿಷಿನ ‘ಎ’ಯ ನೆರಳು, ತೆಗೆದುಬಿಡಿ. ಕ್ರಿಯಾಪದ ‘ಹಿಂಡು’ ಪದಕ್ಕೆ ಹೊಂದಬೇಕು: ‘ಹಿಂಡು ಬಂತು’, ‘ಬಂದವು’ ಅಲ್ಲ.

ಮೀನಿನ ಹೆಸರಲ್ಲೂ ಎಚ್ಚರ ಬೇಕು. ‘ಶೋಲ್ ಆಫ್ ಹೆರಿಂಗ್’ ಕಂಡು ‘ಬೂತಾಯಿ ಹಿಂಡು’ ಎಂದು ಬರೆಯಬಾರದು. ಎರಡೂ ಹತ್ತಿರದ ಬಳಗವಾದರೂ ನಾರ್ವೆ, ಸ್ಕಾಟ್ಲೆಂಡ್ ಕಡಲಿನ ಹೆರಿಂಗ್ ನಮ್ಮ ಅರಬ್ಬೀ ಸಮುದ್ರದ ಮೀನಲ್ಲ. ‘ಹೆರಿಂಗ್ ಮೀನಿನ ಹಿಂಡು’ ಎಂದೇ ಇಡಿ.

ಇನ್ನು ಸ್ಥಳನಾಮ. ದಕ್ಷಿಣ ಚೀನಾ ಸಮುದ್ರದ ‘ಸೆಕೆಂಡ್ ಥಾಮಸ್ ಶೋಲ್’ ಅನ್ನು ‘ಎರಡನೇ ಥಾಮಸ್ ದಿಬ್ಬ’ ಮಾಡಿದರೆ ಯಾರೂ ನಕ್ಷೆಯಲ್ಲಿ ಹುಡುಕಲಾರರು. ಹೆಸರು ಹಾಗೇ ಇರಲಿ, ಪಕ್ಕದಲ್ಲಿ ವಿವರಣೆ ಕೊಡಿ. ಹೆಸರಲ್ಲಿ ‘ಶೋಲ್’ ಇದ್ದ ಮಾತ್ರಕ್ಕೆ ಅದು ಮರಳೇ ಆಗಿರಬೇಕಿಲ್ಲ. ಹದಿನೆಂಟನೇ ಶತಮಾನದಲ್ಲಿ ತನಗೆ ತಾಗಿದ ಬ್ರಿಟಿಷ್ ಹಡಗಿನ ಹೆಸರು ಪಡೆದ ಸ್ಕಾರ್ಬರೋ ಶೋಲ್, ಲಗೂನನ್ನು (ನಡುವೆ ಸಿಕ್ಕ ಕಡಲನೀರಿನ ಕೊಳವನ್ನು) ಸುತ್ತುವರಿದ ಹವಳದ ದಿಬ್ಬ. ಇದನ್ನು ‘ದ್ವೀಪ’ ಎಂದು ಬರೆಯುವುದು ಬರೀ ಭಾಷೆಯ ತಪ್ಪಲ್ಲ. ಚೀನಾ ಇದನ್ನು ದ್ವೀಪ ಎಂದೇ ಕರೆಯುತ್ತದೆ. ಫಿಲಿಪ್ಪೀನ್ಸ್ ಹೂಡಿದ ದಾವೆಯಲ್ಲಿ 2016ರಲ್ಲಿ ಬಂದ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ತೀರ್ಪು ಇದು ಪ್ರತ್ಯೇಕ ಆರ್ಥಿಕ ವಲಯ (ಸುತ್ತಲಿನ ಕಡಲಿನ ಸಂಪತ್ತಿನ ಮೇಲೆ ಹಕ್ಕಿರುವ ಪ್ರದೇಶ) ಕೊಡದ ‘ಬಂಡೆ’ ಮಾತ್ರ ಎಂದಿತು. ‘ದ್ವೀಪ’ ಎಂದರೆ ನಿಮಗೇ ಅರಿವಿಲ್ಲದೆ ಒಂದು ಪಕ್ಷ ಹಿಡಿದಂತೆ.

ರಾಮಸೇತು ಬಗ್ಗೆ ಇಂಗ್ಲಿಷ್ ಬರಹಗಳಲ್ಲಿ ‘ಲೈಮ್‌ಸ್ಟೋನ್ ಶೋಲ್ಸ್’ ಎಂದಿರುತ್ತದೆ. ಅದು ‘ಸುಣ್ಣಕಲ್ಲಿನ ದಿಬ್ಬಗಳ ಸಾಲು’. ಲಿಪ್ಯಂತರ ಮಾಡುವಾಗ ‘ಶೋಲ’ ಎಂದು ಬರೆದು ಬಿಡಬೇಡಿ. ಓದುಗರು ಕುದುರೆಮುಖದ ಶೋಲಾ ಕಾಡಿಗೆ ಹೋಗಿಬಿಡುತ್ತಾರೆ.

ಆಲಂಕಾರಿಕ ಬಳಕೆಯಲ್ಲಿ ಮೀನನ್ನೂ ಮರಳನ್ನೂ ಮರೆತುಬಿಡಿ. ‘ಶೋಲ್ಸ್ ಆಫ್ ಲೆಟರ್ಸ್’ ಎಂದರೆ ‘ರಾಶಿ ರಾಶಿ ಪತ್ರ’. ರಾಜಕೀಯದ ‘ಶೋಲ್ಸ್’ ಎಂದರೆ ಕಣ್ಣಿಗೆ ಕಾಣದ ಅಪಾಯ. ‘ಒಳಸುಳಿ’ ಎಂಬ ನಮ್ಮದೇ ಪದ ಅಲ್ಲಿಗೆ ಸರಿಯಾಗಿ ಕೂರುತ್ತದೆ.