ಶೀರ್ಷಿಕೆ ಪುಟ ಹರಿದುಹೋದ ಹಳೆಯ ಕನ್ನಡ ಪುಸ್ತಕ: ಅಚ್ಚಿನ ಗುರುತು ಹಿಡಿಯುವ ಬಗೆ

ಶೀರ್ಷಿಕೆ ಪುಟವಿಲ್ಲದ ಪುಸ್ತಕ ಕೈಗೆ ಬಂದರೆ ಹೆಚ್ಚಿನವರು ಭಾಷೆ ನೋಡಿ ಕಾಲ ಊಹಿಸುತ್ತಾರೆ. ಅದನ್ನು ನಂಬಬೇಡಿ, ಹಳೆಯ ಕೃತಿ ಎಷ್ಟು ಸಲ ಬೇಕಾದರೂ ಮರುಮುದ್ರಣ ಕಂಡಿರಬಹುದು. ಮೊದಲು ಹುಡುಕಬೇಕಾದದ್ದು ಮುದ್ರಕನನ್ನು.

ಬೇಕಾಗುವ ಸಾಮಾನು ಕಡಿಮೆ: 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಸಣ್ಣ ಟಾರ್ಚು, ಮಿಲಿಮೀಟರ್ ಪಟ್ಟಿ, ಮೆತ್ತನೆಯ ಪೆನ್ಸಿಲು. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಬಟ್ಟೆಯ ಕೈಗವಸು ಬೇಡ, ಬೆರಳಿಗೆ ಹಾಳೆಯ ಅಂಚು ತಿಳಿಯದೆ ಹರಿಯುತ್ತದೆ. ಕಂದು ತಿರುಗಿದ ಮರತಿರುಳಿನ ಕಾಗದವಾದರೆ ಪುಸ್ತಕವನ್ನು ಪೂರ್ತಿ ಅಗಲಿಸದೆ, ರಟ್ಟುಗಳಿಗೆ ಎರಡೂ ಕಡೆ ಆಸರೆ ಕೊಟ್ಟು ನೋಡಿ.

ಶೀರ್ಷಿಕೆ ಪುಟ ಇಲ್ಲದಿದ್ದರೂ ಮುದ್ರಕನ ಹೆಸರು ಉಳಿದಿರಬಹುದು. ಕೊನೆಯ ಪುಟದ ಅಡಿ, ಹಿಂದಿನ ರಕ್ಷಾಪುಟ, ಮುನ್ನುಡಿಯ ಬೆನ್ನು, ಈ ಮೂರೂ ಕಡೆ ಸಣ್ಣ ಅಕ್ಷರದ ಸಾಲು ಹುಡುಕಿ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆ ಮುದ್ರಕನ ಹೆಸರು ಮತ್ತು ಮುದ್ರಣದ ಊರನ್ನು ಪುಸ್ತಕದ ಮೇಲೆ ಅಚ್ಚು ಹಾಕಬೇಕೆಂದು ಕಡ್ಡಾಯ ಮಾಡಿತು. ಪ್ರಕಟಿಸಿದ ಪುಸ್ತಕವಾದರೆ ಪ್ರಕಾಶಕನ ಹೆಸರು, ಊರೂ ಬೇಕಿತ್ತು. ತಪ್ಪಿದರೆ ಶಿಕ್ಷೆ ಮುದ್ರಿಸಿದವನಿಗೂ ಪ್ರಕಟಿಸಿದವನಿಗೂ. ಹಾಗಾಗಿ ಬ್ರಿಟಿಷ್ ಆಡಳಿತದಲ್ಲಿದ್ದ ಮಂಗಳೂರು, ಧಾರವಾಡದ ಪುಸ್ತಕಗಳಲ್ಲಿ ಈ ಸಾಲು ಸಿಗುವ ಸಾಧ್ಯತೆ ಹೆಚ್ಚು. ಮುದ್ರಕ, ಪ್ರಕಾಶಕ ಎರಡೂ ಒಂದೇ ಸಂಸ್ಥೆಯಾಗಿದ್ದರೆ ಬರೆದಿಟ್ಟುಕೊಳ್ಳಿ. 1894ರ ಕಿಟ್ಟೆಲ್ ನಿಘಂಟನ್ನು ಪ್ರಕಟಿಸಿದ್ದು ಬಾಸೆಲ್ ಮಿಷನ್, ಅಚ್ಚು ಹಾಕಿದ್ದೂ ಮಂಗಳೂರಿನ ಅದರದೇ ಅಚ್ಚುಕೂಟ. ಆ ಕಾಲದಲ್ಲಿ ಅಚ್ಚುಕೂಟವೆಂದರೆ ಬರೀ ಕೂಲಿಗೆ ಅಚ್ಚು ಹಾಕಿಕೊಡುವ ಜಾಗವಲ್ಲ. ಒಂದು ಎಚ್ಚರಿಕೆ: ರಕ್ಷಾಪುಟ ಬೇರೆ ಪ್ರೆಸ್ಸಿನಲ್ಲಿ ಅಚ್ಚಾಗಿರಬಹುದು. ಅಲ್ಲಿನ ಹೆಸರನ್ನು ಒಳಪುಟಗಳಿಗೂ ಅಂಟಿಸಬೇಡಿ.

ಇಸವಿಯ ಬದಲು ಶಕವರ್ಷ ಸಿಕ್ಕರೆ 78 ಕೂಡಿಸಿ. ಜನವರಿಯಿಂದ ಯುಗಾದಿಯವರೆಗಿನ ದಿನವಾದರೆ 79. ಬರೀ ಸಂವತ್ಸರದ ಹೆಸರಿದ್ದರೆ 60 ವರ್ಷದ ಗೊಂದಲ: ‘ವಿಕೃತಿ’ ಅಂದರೆ 1890–91 ಆಗಬಹುದು, 1950–51 ಕೂಡ. ಯಾವುದೆಂದು ಅಂದಾಜಿಸಲು ನೆರವಾಗುವುದು ಅಚ್ಚಿನ ಬಗೆ.

ಅದನ್ನು ಹೀಗೆ ನೋಡಿ. ಟಾರ್ಚನ್ನು ಹಾಳೆಯ ಮಗ್ಗುಲಿಗೆ, ಬೆಳಕು ಕಾಗದವನ್ನು ಸವರಿಕೊಂಡು ಹೋಗುವಂತೆ ಹಿಡಿಯಿರಿ. ಲೋಹದ ಅಕ್ಷರದ ಮೊಳೆಗಳನ್ನು ಜೋಡಿಸಿ ಒತ್ತಿದ ಮೊಳೆಯಚ್ಚಾದರೆ ಅಕ್ಷರ ಕಾಗದದೊಳಗೆ ತಗ್ಗಿರುತ್ತದೆ, ಹಾಳೆಯ ಹಿಂಬದಿಯಲ್ಲಿ ಉಬ್ಬು ಕಾಣುತ್ತದೆ. ಭಾರದಡಿ ವರ್ಷಗಟ್ಟಲೆ ಬಿದ್ದಿದ್ದ ಪುಸ್ತಕದಲ್ಲಿ ಈ ಉಬ್ಬು ಅಡಗಿರುತ್ತದೆ. ಆಗ ಭೂತಗನ್ನಡಿಯಲ್ಲಿ ಅಕ್ಷರದ ಅಂಚು ನೋಡಿ. ಒತ್ತಡಕ್ಕೆ ಮಸಿ ಹೊರಗೆ ಸರಿದು ಅಂಚಿನಲ್ಲಿ ದಟ್ಟವಾಗಿ, ನಡುವೆ ತೆಳುವಾಗಿರುತ್ತದೆ. ಕೈಯಲ್ಲಿ ಬರೆದದ್ದನ್ನು ನಯವಾದ ಕಲ್ಲಿನ ಮೇಲಿಂದ ಒತ್ತುವ ಕಲ್ಲಚ್ಚಿನಲ್ಲಿ ತಗ್ಗೂ ಇಲ್ಲ, ಮಸಿಯ ದಟ್ಟ ಅಂಚೂ ಇಲ್ಲ. ಅಲ್ಲಿ ಒಂದೇ ಪುಟದ ಐದಾರು ‘ಕ’ಗಳನ್ನು ಹೋಲಿಸಿ: ಕೈಬರಹವಾದ್ದರಿಂದ ಒಂದರಂತೆ ಇನ್ನೊಂದು ಇರುವುದಿಲ್ಲ. ಅಕ್ಷರಗಳು ಒಂದೇ ತೆರ, ಆದರೆ ಹಾಳೆ ಸಪಾಟು ಅಂದರೆ, ತಗಡಿನಿಂದ ರಬ್ಬರಿಗೆ, ಅಲ್ಲಿಂದ ಕಾಗದಕ್ಕೆ ಮಸಿ ದಾಟಿಸುವ ಆಫ್‌ಸೆಟ್. ಹಳೆಯ ಪ್ರತಿಯ ಫೋಟೋ ತೆಗೆದು ಮಾಡಿದ ಮರುಮುದ್ರಣದಲ್ಲಿ ಹುಳು ಕೊರೆದ ತೂತು, ನೀರಿನ ಕಲೆಗಳೂ ಅಚ್ಚಾಗಿರುತ್ತವೆ. ಕಣ್ಣಿಗೆ ತೂತು ಕಂಡರೂ ಬೆರಳಿಗೆ ಸಿಗುವುದಿಲ್ಲ!

ಕಲ್ಲಚ್ಚು ಮೊದಲು, ಮೊಳೆ ಆಮೇಲೆ ಎಂದು ಲೆಕ್ಕ ಹಾಕುವುದು ತಪ್ಪು. ಮಿಷನರಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂಗಾಳದ ಶ್ರೀರಾಮಪುರದಲ್ಲಿ 1817ರಲ್ಲೇ ಮೊಳೆಯಲ್ಲಿ ಅಚ್ಚಾಯಿತು. 1843ರ ‘ಮಂಗಳೂರ ಸಮಾಚಾರ’ ಪತ್ರಿಕೆ ಕಲ್ಲಚ್ಚಿನದು. ಕಾಗುಣಿತಕ್ಕೂ ಒತ್ತಕ್ಷರಕ್ಕೂ ನೂರಾರು ಮೊಳೆ ಎರಕ ಹೊಯ್ಯಿಸುವ ಖರ್ಚು ಕಲ್ಲಚ್ಚಿಗೆ ಇರಲಿಲ್ಲ. ಫೋಟೋ ಇದ್ದರೆ ಅದನ್ನೂ ನೋಡಿ: ಸಾಲುಸಾಲು ಚುಕ್ಕೆಗಳಿಂದಾದ ಹಾಫ್‌ಟೋನ್ ಬ್ಲಾಕು ಬಳಕೆಗೆ ಬಂದದ್ದು 1880ರ ದಶಕದಿಂದೀಚೆಗೆ.

ಮುಂದೆ ಫಾರಂ, ಅಂದರೆ ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಚಿದ ಪುಟಗಳ ಕಟ್ಟು, ಎಣಿಸಿ. ಪುಟ 1, 17, 33ರ ಅಡಿಯಲ್ಲಿ ಸಣ್ಣ ಅಂಕಿಯೋ ಅಕ್ಷರವೋ ಇದ್ದರೆ 16 ಪುಟದ ಫಾರಂ. 1, 9, 17ರಲ್ಲಿದ್ದರೆ 8 ಪುಟದ್ದು. 16 ಪುಟದ ಫಾರಮ್ಮಿನ ದಾರ 8 ಮತ್ತು 9ರ ನಡುವೆ ಕಾಣುತ್ತದೆ. ಮಡಿಕೆಯಲ್ಲಿ ಜೋಡಿಯಾದ ಪುಟಗಳ ಮೊತ್ತ ಮೊದಲ ಫಾರಮ್ಮಿನಲ್ಲಿ ಯಾವಾಗಲೂ 17 (1 ಮತ್ತು 16, 6 ಮತ್ತು 11), ಎರಡನೆಯದರಲ್ಲಿ 49. 11–12ರ ಹಾಳೆ ಸಡಿಲವಾಗಿದ್ದರೆ ಅದರ ಜೋಡಿ 5–6 ಕಳೆದುಹೋಗಿದೆಯೇ ನೋಡಿ. ಮಗ್ಗುಲಿಗೆ ಹೊಲಿದ ಪುಸ್ತಕದಲ್ಲಿ ದಾರ ಕಾಣದು, ಅಡಿಯ ಅಂಕಿಯೇ ಗತಿ. ಬೈಂಡಿನವನು ಅಂಚು ಕತ್ತರಿಸುವಾಗ ಅದೂ ಹೋಗಿರಬಹುದು.

ಸಣ್ಣ ಅಚ್ಚುಕೂಟದಲ್ಲಿ ಇಡೀ ಪುಸ್ತಕ ಜೋಡಿಸಿಡುವಷ್ಟು ಮೊಳೆ ಇರುತ್ತಿರಲಿಲ್ಲ. ಒಂದೆರಡು ಫಾರಂ ಅಚ್ಚು ಹಾಕಿ, ಮೊಳೆ ಬಿಡಿಸಿ ಖಾನೆಗಳಿಗೆ ತುಂಬಿ, ಮುಂದಿನದನ್ನು ಜೋಡಿಸುತ್ತಿದ್ದರು. ಅಚ್ಚಾದ ಮೇಲೆ ಕಂಡ ತಪ್ಪಿಗೆ ಶುದ್ಧಾಶುದ್ಧ ಪತ್ರಿಕೆ, ಅಂದರೆ ತಪ್ಪು–ಒಪ್ಪುಗಳ ಪಟ್ಟಿಯೊಂದೇ ದಾರಿ. ಮುನ್ನುಡಿ ಸಾಮಾನ್ಯವಾಗಿ ಕೊನೆಗೆ ಅಚ್ಚಾಗುವುದರಿಂದ ಅದಕ್ಕೆ ಬೇರೆ ಪುಟಸಂಖ್ಯೆ. ಅದರ ತಾರೀಖಿಗಿಂತ ತಿಂಗಳುಗಳ ಮುಂಚೆಯೇ ಒಳಪುಟ ಅಚ್ಚಾಗಿರಬಹುದು.

ಮೊಳೆ ಹೀಗೆ ಮತ್ತೆ ಮತ್ತೆ ಬಳಕೆಯಾದದ್ದೇ ನಮಗೆ ಅತಿ ಗಟ್ಟಿ ಸಾಕ್ಷಿ. ತಲೆಕಟ್ಟು ಮುರಿದ ‘ತ’, ಸೀಳಿದ ‘ಮ’ದಂಥ ಐದಾರು ಗಾಯದ ಅಕ್ಷರ ಗುರುತಿಸಿ, ಪಟ್ಟಿ ಇಟ್ಟು ಅಳೆದು, ಚಿತ್ರ ತೆಗೆದುಕೊಳ್ಳಿ. ಇಸವಿ ಗೊತ್ತಿರುವ, ಅದೇ ಅಚ್ಚುಕೂಟದ್ದೆಂದು ಅನುಮಾನವಿರುವ ಇನ್ನೊಂದು ಪುಸ್ತಕದಲ್ಲಿ ಅವೇ ಗಾಯ ಹುಡುಕಿ. ಅಕ್ಷರದ ವಿನ್ಯಾಸ ಹೊಂದಿದರೆ ಸಾಲದು, ಮೊಳೆ ಎರಕ ಹೊಯ್ಯುವವರು ಒಂದೇ ವಿನ್ಯಾಸದ ಮೊಳೆಗಳನ್ನು ಹಲವು ಪ್ರೆಸ್ಸಿಗೆ ಮಾರುತ್ತಿದ್ದರು. ಒಂದು ಗಾಯ ಹೊಂದಿದರೆ ಕಾಕತಾಳೀಯ ಇರಬಹುದು, ಮೂರು ನಾಲ್ಕು ಹೊಂದಿದರೆ ನಂಬಬಹುದು.

ಕಂಡದ್ದನ್ನು ಬೇರೆ ಚೀಟಿಯಲ್ಲಿ ಬರೆಯಿರಿ, ಪುಸ್ತಕದ ಮೇಲಲ್ಲ. ಪುಸ್ತಕದಲ್ಲೇ ಅಚ್ಚಾಗಿರುವ ವಿವರ ಹಾಗೇ ಇರಲಿ, ನೀವು ಊಹಿಸಿದ್ದನ್ನು ಚೌಕ ಆವರಣದಲ್ಲಿ ಹಾಕಿ, [ಮಂಗಳೂರು, 1890?] ಎಂಬಂತೆ, ಊಹೆಗೆ ಕಾರಣವಾದ ಪುಟಸಂಖ್ಯೆಯನ್ನೂ ಪಕ್ಕದಲ್ಲೇ ಬರೆದು.